ಡ್ರಮ್ಮರ್ ಬರುವ ಮುನ್ನ

ಸಿಡ್ನಿ, ಬೆಳಗಿನ ಆರು ಗಂಟೆ. ಬ್ಲ್ಯಾಕ್‌ಟೌನ್‌ನ ಬಾಡಿಗೆ ಹಾಲ್‌ನಲ್ಲಿ ಕುರ್ಚಿಗಳು ಇನ್ನೂ ಒಂದರ ಮೇಲೊಂದು ಪೇರಿಸಿಕೊಂಡೇ ನಿಂತಿವೆ. ವೇದಿಕೆಯ ಮೇಲೆ ವಿಜಯ ಒಬ್ಬನೇ. ಜಮಖಾನ ಹಾಸಿ, ಡ್ರಮ್‌ಗಳನ್ನು ಕೂರಿಸಿ, ಒಂದೊಂದಕ್ಕೂ ಮೈಕ್ ಸಿಕ್ಕಿಸಿ, ಕೊನೆಗೆ ಸ್ಟೂಲಿನ ಮೇಲೆ ಕೂರುತ್ತಾನೆ. ಹಾಲ್‌ನ ಆ ತುದಿಯಲ್ಲಿ ಮಿಕ್ಸರ್ ಮುಂದೆ ಸೌಂಡ್ ಕಂಪನಿಯ ಮಾಲೀಕ ತ್ರಿವಿಕ್ರಮ.

“ಕಿಕ್,” ಎನ್ನುತ್ತಾರೆ ತ್ರಿವಿಕ್ರಮ. ವಿಜಯ ದೊಡ್ಡ ಡ್ರಮ್ಮಿಗೆ ಕಾಲಿನಿಂದ ಒಂದು ಏಟು ಕೊಡುತ್ತಾನೆ. ಢಮ್. ಕಾಯುತ್ತಾನೆ. “ಇನ್ನೊಂದು.” ಢಮ್. ಕಾಯುತ್ತಾನೆ. “ಓಕೆ. ಸ್ನೇರ್.” ತೊಡೆಗಳ ನಡುವಿನ ಚಪ್ಪಟೆ ಡ್ರಮ್ಮಿಗೆ ಒಂದು ಏಟು. ಟಪ್. ಮತ್ತೆ ಕಾಯುತ್ತಾನೆ. ಹೀಗೆ ಎಲ್ಲ ಮುಗಿದ ಮೇಲೆ, “ಸಾಕು, ಇಳಿ. ಉಳಿದಿದ್ದು ಅರ್ಜುನ್ ಬಂದ ಮೇಲೆ.”

ವಿಜಯ ಇಳಿಯುತ್ತಾನೆ. ಇಳಿಯುವ ಮುಂಚೆ ಸ್ಟೂಲನ್ನು ಒಂದು ಸುತ್ತು ಜಾಸ್ತಿ ತಿರುಗಿಸಿ, ಒಂದು ಬೆರಳು ಎತ್ತರ ಮಾಡಿಡುತ್ತಾನೆ. ಡ್ರಮ್ಮರ್ ಅರ್ಜುನ್ ಬಂದು ಕೂತಾಗ ಸರಿಹೋಗಬಾರದು, ಬಗ್ಗಿ ತಿರುಗಿಸಿಕೊಳ್ಳಬೇಕು. “ಅಷ್ಟಾದ್ರೂ ಕೆಲ್ಸ ಮಾಡ್ಲಿ ಸಾ, ಬರೋದು ಬರೀಕೈಲಿ,” ಎಂದು ಕೆಳಗೆ ನಿಂತ ನನ್ನತ್ತ ನೋಡಿ ನಗುತ್ತಾನೆ.

ಮಳವಳ್ಳಿಯ ವಿಜಯನಿಗೆ ಮೂವತ್ತಮೂರು. ಪಿಯುಸಿಗೆ ಪುಸ್ತಕ ಮುಚ್ಚಿದವನು. ಹೆಂಡತಿ ಗಗನಾ ಚಾಟ್ಸ್‌ವುಡ್‌ನ ಐಟಿ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ವೀಸಾದ ಬೆನ್ನಿಗೆ ಇವನೂ ಸಿಡ್ನಿಗೆ ಬಂದ. ಮನೆ ಸ್ಕೋಫೀಲ್ಡ್ಸ್‌ನಲ್ಲಿ. ವಾರವೆಲ್ಲ ವೇರ್‌ಹೌಸ್‌ನಲ್ಲಿ ಡಬ್ಬ ಇಳಿಸುತ್ತಾನೆ, ಶನಿವಾರ ಭಾನುವಾರ ತ್ರಿವಿಕ್ರಮರ ವ್ಯಾನಿನಿಂದ ಸ್ಪೀಕರ್ ಇಳಿಸುತ್ತಾನೆ. ಒಂದೊಂದು ಸ್ಪೀಕರ್ ನಲವತ್ತು ಕೆಜಿ. ಯುಗಾದಿ, ರಾಜ್ಯೋತ್ಸವ, ಯಾರದೋ ಮಗಳ ರಂಗಪ್ರವೇಶ, ಎಲ್ಲದಕ್ಕೂ ಮೊದಲು ಬರುವವನು ಇವನು, ಕೊನೆಗೆ ಹೋಗುವವನೂ ಇವನೇ. ವಂದನಾರ್ಪಣೆಯಲ್ಲಿ ಪುಳಿಯೋಗರೆ ಕಲಸಿದವರ ಹೆಸರು ಬರುತ್ತದೆ, ಕಾರ್ ಪಾರ್ಕಿಂಗ್ ತೋರಿಸಿದವರ ಹೆಸರು ಬರುತ್ತದೆ. ಇವನ ಹೆಸರು ಇವತ್ತಿನವರೆಗೂ ಬಂದಿಲ್ಲ. ಕನ್ನಡ ಸಂಘದ ಸ್ಮರಣ ಸಂಚಿಕೆಯ ಬಣ್ಣದ ಪುಟಗಳಲ್ಲಿ ಹುಡುಕಿದರೆ ಒಂದು ಚಿತ್ರದ ಅಂಚಿನಲ್ಲಿ ಇವನ ಭುಜ ಸಿಗುತ್ತದೆ. ಮಧ್ಯದಲ್ಲಿ ಕೋಲು ಎತ್ತಿ ಹಲ್ಲು ಬಿಡುತ್ತಿರುವವನು ಅರ್ಜುನ್.

ಅರ್ಜುನ್ ಎಂಟನೇ ವಯಸ್ಸಿನಿಂದ ಡ್ರಮ್ಸ್ ಕಲಿತವನು. ಅಪ್ಪ ದುಡ್ಡು ಕೊಟ್ಟು ಕಲಿಸಿದರು, ಅಮ್ಮ ಕಾರಿನಲ್ಲಿ ಕರೆದೊಯ್ದು ಕಾದರು. ಅದು ಅವನ ತಪ್ಪಲ್ಲ. ಆದರೂ ವಿಜಯನಿಗೆ ಹೊಟ್ಟೆ ಉರಿಯುತ್ತದೆ. ಅವನ ಕಾರು ನೋಡಿದರೆ ಉರಿಯುತ್ತದೆ, ಬಿಳೀ ಶೂ ನೋಡಿದರೆ ಉರಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ಗಗನಾ, “ಅರ್ಜುನ್ ಇವತ್ತು ಏನ್ ಸೂಪರಾಗಿ ನುಡಿಸಿದ್ರು ಅಲ್ವಾ?” ಎಂದರೆ, “ಡ್ರಮ್ ಚೆನ್ನಾಗಿ ಕೂರ್ಸಿದ್ದೆ, ಅದಕ್ಕೇ,” ಎನ್ನುತ್ತಾನೆ.

ಎರಡು ವರ್ಷದ ಹಿಂದಿನ ದೀಪಾವಳಿ. ಅರ್ಜುನ್ ಇನ್ನೂ ಬಂದಿರಲಿಲ್ಲ. ತ್ರಿವಿಕ್ರಮರಿಗೆ ಅವಸರ. “ಪೂರ್ತಿ ಕಿಟ್ ಬೇಕಪ್ಪ ನಂಗೆ, ಎಲ್ಲಾ ಡ್ರಮ್ಮೂ ಒಟ್ಟಿಗೆ. ಏನೋ ಒಂದು ರಿದಮ್ ಕೊಡು,” ಎಂದರು. ನೂರು ಸಲ ನೋಡಿದ್ದೇನಲ್ಲ ಎಂಬ ಧೈರ್ಯದ ಮೇಲೆ ವಿಜಯ ಶುರು ಮಾಡಿದ. ಕೈ ನಡೆದರೆ ಕಾಲು ನಿಂತಿತು, ಕಾಲು ನಡೆದರೆ ಕೈ ಮರೆಯಿತು. ಮೈಕ್‌ಗಳೆಲ್ಲ ತೆರೆದಿದ್ದವು. ಕುರ್ಚಿ ಜೋಡಿಸುತ್ತಿದ್ದವರು ತಿರುಗಿ ನೋಡಿದರು. ಅಷ್ಟರಲ್ಲಿ ಕಾಫಿ ಹಿಡಿದುಕೊಂಡು ಬಂದ ಅರ್ಜುನ್ ಬಾಗಿಲಿಂದಲೇ, “ಬ್ರೋ, ಗ್ಯಾಸ್ ಸಿಲಿಂಡರ್ ಉರುಳಿಸ್ತಿದೀಯಾ?” ಎಂದ. ಹಾಲ್‌ಗೆ ಹಾಲೇ ನಕ್ಕಿತು. ರಂಗೋಲಿ ಬಿಡುತ್ತಿದ್ದ ಗಗನಾ ಕೂಡ.

ಕಾರಿನಲ್ಲಿ ಕೇಳಿದ: “ನೀನೂ ನಕ್ಕಲ್ಲೇ?”

“ನಗು ಬಂತು, ನಕ್ಕೆ. ಸಿಲಿಂಡರ್ ಥರಾನೇ ಇತ್ತು ಕಣೋ.”

ಆವತ್ತಿನಿಂದ ತ್ರಿವಿಕ್ರಮ ಇವನನ್ನು ‘ಪೂರ್ತಿ ಕಿಟ್’ ಕೇಳುವುದನ್ನೇ ಬಿಟ್ಟರು. ಒಂದೊಂದು ಏಟು, ಆಮೇಲೆ ಇಳಿ. ವಿಜಯನಿಗೆ ಬೇಕಾಗಿದ್ದುದು ಚಪ್ಪಾಳೆಯಲ್ಲ, ಹಾರವಲ್ಲ. ‘ಪೂರ್ತಿ ಕಿಟ್’ ಎಂಬ ಆ ಮಾತನ್ನು ತ್ರಿವಿಕ್ರಮ ಇನ್ನೊಂದು ಸಲ ಹೇಳಬೇಕು, ಇವನು ತಲೆ ಎತ್ತಿ ಬಾರಿಸಬೇಕು. ಅಷ್ಟೇ.

ಅರ್ಜುನ್ ಕಸದ ಡಬ್ಬಕ್ಕೆ ಎಸೆದ ಸೀಳಿದ ಕೋಲುಗಳನ್ನು ಎತ್ತಿಕೊಂಡು ಟೇಪ್ ಸುತ್ತಿದ. ಸ್ಕೋಫೀಲ್ಡ್ಸ್‌ನ ಹೊಸ ಮನೆಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಜಾಗ. ಈಚೆ ಕೆಮ್ಮಿದರೆ ಆಚೆ ಕೇಳುತ್ತದೆ. ಬಕೆಟ್ ಕವುಚಿ, ಮೇಲೆ ಕಾರಿನ ರಬ್ಬರ್ ಮ್ಯಾಟ್ ಹಾಕಿ, ಗ್ಯಾರೇಜಿನಲ್ಲಿ ಕೂತು ಫೋನಿನ ಪಾಠಗಳನ್ನು ನೋಡಿ ಬಡಿದ. ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದವು. ನಾಲ್ಕು ತಿಂಗಳಾದರೂ ಎಡಗೈ ಕೊರಡು. ಒಂದು ದಿನ ಕೋಲುಗಳನ್ನು ಫ್ರಿಜ್ ಮೇಲೆ ಬಿಸಾಕಿ, “ನಂಗೆ ಇದು ಬರಾಕಿಲ್ಲ,” ಎಂದ. “ಬಿಟ್ಬಿಡು. ಕೈ ಹೋದ್ರೆ ಸ್ಪೀಕರ್ ಯಾರು ಎತ್ತೋದು?” ಎಂದಳು ಗಗನಾ.

ಮತ್ತೆ ಕೋಲು ಹಿಡಿಸಿದ್ದು ಛಲ ಗಿಲ ಅಲ್ಲ, ಹೊಟ್ಟೆಕಿಚ್ಚೇ. ಸಂಘದವರು ಅರ್ಜುನನನ್ನು ಮಾತಾಡಿಸಿದ ವಿಡಿಯೊ ಬಂತು. ಅದರಲ್ಲಿ ಅವನು, “ಡ್ರಮ್ಸ್‌ಗೆ ಶ್ರಮ ಬೇಡ, ಬ್ಲಡ್‌ನಲ್ಲಿ ಇರಬೇಕು,” ಎಂದಿದ್ದ. “ಬ್ಲಡ್ಡಂತೆ! ಅವ್ರಪ್ಪನ ದುಡ್ಡು ಬ್ಲಡ್ಡಾಗೋಯ್ತಾ?” ವಿಜಯ ಇದನ್ನು ಹೇಳುವಾಗ ಈಗಲೂ ಮುಖ ಕೆಂಪಾಗುತ್ತದೆ. “ದಿನಾ ಆ ವಿಡಿಯೊ ನೋಡಿ ಬಕೆಟ್ ಮುಂದೆ ಕೂರ್ತಿದ್ದೆ ಸಾ. ಊಟಕ್ಕೆ ಮುಂಚೆ ಮಾತ್ರೆ ನುಂಗ್ದಂಗೆ.”

ಸಿಟ್ಟಿನಿಂದ ಕೈ ಗಟ್ಟಿಯಾಯಿತು, ತಾಳ ಮಾತ್ರ ಕೂಡಲಿಲ್ಲ. ಯಾಕೆಂದು ಹೇಳಿದವಳು ಮೆಲ್ಬರ್ನ್‌ನ ಮಹತಿ. ಅಲ್ಲಿ ಕಾರ್ಯಕ್ರಮವಿದ್ದಾಗ ಸೌಂಡಿನವರು ಡಾಕ್ಟರ್ ಶ್ರೀಕಂಠಯ್ಯನವರ ಮನೆಯಲ್ಲಿ ಉಳಿಯುತ್ತಾರೆ. ಅವರ ಮಗಳು ಮಹತಿ ಕಾಲೇಜಿನ ಬ್ಯಾಂಡ್‌ನಲ್ಲಿ ಡ್ರಮ್ಸ್ ನುಡಿಸುತ್ತಾಳೆ. ಕಳೆದ ವರ್ಷ ಅಲ್ಲಿಗೆ ಹೋದಾಗ ವಿಜಯ ನಾಚಿಕೆ ಬಿಟ್ಟು ಅವಳ ಕಿಟ್ ಮೇಲೆ ಬಾರಿಸಿ ತೋರಿಸಿದ. ಅವಳು ತಲೆ ಓರೆ ಮಾಡಿ ಕೇಳಿದಳು.

“ಅಂಕಲ್, ಯು ಆರ್ ನಾಟ್ ಪ್ಲೇಯಿಂಗ್. ಚೆಕ್ ಮಾಡ್ತಿದೀರ.”

“ಅಂದ್ರೆ?”

“ಒಂದು ಹಿಟ್ ಹೊಡೀತೀರ, ಯಾರೋ ಓಕೆ ಅನ್ಲಿ ಅಂತ ವೇಟ್ ಮಾಡ್ತೀರ. ಎಲ್ಲಾ ಹಿಟ್ಟೂ ಸೇಮ್ ಲೌಡ್.”

ಅಂಕಲ್ ಎಂದಿದ್ದಕ್ಕೆ ಒಂದು ಸಲ, ಉಳಿದಿದ್ದಕ್ಕೆ ಇನ್ನೊಂದು ಸಲ, ಎರಡು ಸಲ ಚುಚ್ಚಿತು. ಆದರೆ ನಿಜ. ವರ್ಷಗಟ್ಟಲೆ ಸೌಂಡ್ ಚೆಕ್ ಮಾಡಿ ಮಾಡಿ ಇವನ ಕೈ ಕಲಿತಿದ್ದೇ ಅದು: ಗಟ್ಟಿಯಾಗಿ ಹೊಡಿ, ನಿಲ್ಲು, ಅಪ್ಪಣೆಗೆ ಕಾಯಿ. ಎರಡು ದೊಡ್ಡ ಏಟುಗಳ ನಡುವೆ ಕೇಳಿಯೂ ಕೇಳದಂಥ ಸಣ್ಣ ಏಟುಗಳು ಓಡಾಡುತ್ತಿರಬೇಕು, ಆಗಲೇ ತಾಳ ನಡೆಯುವುದು. ಅವು ಇವನಲ್ಲಿ ಇರಲೇ ಇಲ್ಲ.

ಅಂದಿನಿಂದ ಮಹತಿ ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಪಾಠ ಹೇಳುತ್ತಾಳೆ. ಪರೀಕ್ಷೆ ಮಾತ್ರ ಗಗನಾಳದು. ಅವಳು ಸೋಫಾದಲ್ಲಿ ಕೂತು ಮಳವಳ್ಳಿಗೆ ಫೋನ್ ಹಚ್ಚಿದಾಗ ವಿಜಯ ಪಕ್ಕದಲ್ಲೇ ಬಕೆಟ್ ಇಟ್ಟುಕೊಂಡು ಎಡಗೈ ಆಡಿಸಬೇಕು. ಅಷ್ಟು ಮೆಲ್ಲಗೆ, ಅವಳು ‘ಸದ್ದು’ ಎನ್ನಬಾರದು. ಮೊದಮೊದಲು ಅವಳ ಅತ್ತೆಯೇ ಆ ಕಡೆಯಿಂದ, “ಅದೇನವ್ವ, ಮನೇಲಿ ಮರಗೆಲ್ಸ ನಡೀತಾ ಅದಾ?” ಎಂದು ಕೇಳುತ್ತಿದ್ದರು. ತಿಂಗಳುಗಳು ಕಳೆದವು. ಒಂದು ಸಂಜೆ ಗಗನಾ ಮಾತು ಮುಗಿಸಿ ಫೋನ್ ಇಟ್ಟು, “ಇವತ್ತು ಪ್ರಾಕ್ಟೀಸ್ ಮಾಡ್ಲಿಲ್ವಾ?” ಎಂದಳು. ಅವನು ಅಷ್ಟೂ ಹೊತ್ತು ಬಾರಿಸುತ್ತಲೇ ಇದ್ದ.

ಕಳೆದ ತಿಂಗಳು ಮೆಲ್ಬರ್ನ್ ಕಾರ್ಯಕ್ರಮ. ವ್ಯಾನಿನಲ್ಲಿ ಒಂಬತ್ತು ಗಂಟೆಯ ಹಾದಿ. ವಿಮಾನದಲ್ಲಿ ಬರಬೇಕಿದ್ದ ಅರ್ಜುನನಿಗೆ ತಡವಾಯಿತು. ಗಾಯಕಿ ಶ್ರೀದೇವಿ ನಿಧಾನ ಗತಿಯ ಒಂದು ಭಾವಗೀತೆಯನ್ನು ಒಮ್ಮೆ ಹಾಡಿ ನೋಡಲೇಬೇಕೆಂದು ಹಟ ಹಿಡಿದಿದ್ದರು.

“ಅಣ್ಣ, ನಾನು ಕೂರ್ಲಾ?” ಎಂದ ವಿಜಯ.

“ಸುಮ್ನಿರೋ. ಮತ್ತೆ ಸಿಲಿಂಡರ್ ಉರುಳಿಸ್ಬೇಡ,” ಎಂದರು ತ್ರಿವಿಕ್ರಮ.

“ಕೂರ್ಲಿ ಬಿಡಿ ಸರ್,” ಎಂದರು ಶ್ರೀದೇವಿ. “ನಂಗೆ ತಾಳ ಬೇಕು, ಸರ್ಟಿಫಿಕೇಟ್ ಅಲ್ಲ.”

ತ್ರಿವಿಕ್ರಮ ನಿಟ್ಟುಸಿರು ಬಿಟ್ಟರು. “ಆಯ್ತು. ಪೂರ್ತಿ ಕಿಟ್ ಕೊಡು.”

ಪಲ್ಲವಿ ಸಲೀಸಾಗಿ ಹೋಯಿತು. ಮೊದಲ ಚರಣವೂ. ಎರಡನೇ ಚರಣಕ್ಕೆ ಹಿಂದಿನ ಬಾಗಿಲು ತೆರೆಯಿತು. ಬಿಳೀ ಶೂ. ವಿಜಯನ ಎದೆಯಲ್ಲಿ ಭಗ್ಗೆಂದಿತು, ಕೈ ಹಾಡಿಗಿಂತ ಮುಂದೆ ಓಡತೊಡಗಿತು. ಶ್ರೀದೇವಿ ಹಾಡುತ್ತಲೇ ಹಿಂದಕ್ಕೆ ತಿರುಗಿ ಅಂಗೈಯನ್ನು ಮೆಲ್ಲಗೆ ಕೆಳಕ್ಕಿಳಿಸಿ ತೋರಿಸಿದರು. ಅವನು ಬಾಗಿಲಿಂದ ಕಣ್ಣು ಕಿತ್ತು ಅವರ ಉಸಿರಿಗೆ ಕಿವಿ ಕೊಟ್ಟ. ಎಡಗೈ ತಣ್ಣಗಾಯಿತು, ಸಣ್ಣ ಏಟುಗಳು ಒಂದೊಂದೇ ಜಾಗಕ್ಕೆ ಬಂದವು. ಹಾಡು ದಡ ಸೇರಿತು. ಯಾರೂ ನಗಲಿಲ್ಲ. ಕುರ್ಚಿ ಜೋಡಿಸುವವರು ಕುರ್ಚಿ ಜೋಡಿಸುತ್ತಲೇ ಇದ್ದರು.

ಅರ್ಜುನ್ ಬ್ಯಾಗ್ ಇಳಿಸಿ ಬಂದ. “ಬ್ರೋ, ಸೆಕೆಂಡ್ ಚರಣದಲ್ಲಿ ಓಡ್ಬಿಟ್ಟೆ.”

“ಗೊತ್ತು. ನಿನ್ನ ಮುಖ ನೋಡ್ದೆ, ಅದಕ್ಕೆ.”

“ಸಿಲಿಂಡರ್ ಅಂದಿದ್ದಕ್ಕೆ ಇನ್ನೂ ಕೋಪಾನಾ?”

“ಹೂಂ.”

ಸಂಜೆ ನಾನೂರು ಜನರ ಮುಂದೆ ಅರ್ಜುನನೇ ನುಡಿಸಿದ. ಅದೇ ಹಾಡಿಗೆ ಜನ ಎದ್ದು ನಿಂತರು. ವಿಜಯ ಪರದೆಯ ಪಕ್ಕ ಕೇಬಲ್ ಹಿಡಿದು, ಅವನನ್ನೇ ನುಂಗುವಂತೆ ನೋಡುತ್ತಿದ್ದ.

ಹೊಟ್ಟೆಕಿಚ್ಚು ಈಗಲಾದರೂ ಆರಿತಾ ಎಂದು ಕೇಳಿದರೆ ವಿಜಯ ನಕ್ಕುಬಿಡುತ್ತಾನೆ.

“ಎಲ್ಲಿ ಸಾ ಆರ್ತದೆ! ಆವಾಗ ಅವನ ಕಾರು, ಬಟ್ಟೆ, ಜನ ಹೊಡೆಯೋ ಚಪ್ಪಾಳೆ, ಎಲ್ಲಾದ್ರ ಮ್ಯಾಲೂ ಉರೀತಿತ್ತು. ಅವ್ನು ಏನ್ ಮಾಡ್ತಾವ್ನೆ ಅಂತ್ಲೇ ಗೊತ್ತಾಗ್ತಿರ್ಲಿಲ್ಲ, ಸುಮ್ನೆ ಉರ್ಕೊಳ್ತಿದ್ದೆ. ಈಗ ಅವೆಲ್ಲ ಅವನೇ ಇಟ್ಕೊಳ್ಳಿ. ಮೂರ್ನೇ ಏಟು ಆದ್ಮೇಲೆ ಎಡಗೈಲಿ ಒಂದು ಸಣ್ಣ ಏಟು ಹಾಕ್ತಾನೆ, ಹಿಂದ್ಗಡೆ ಕೂತೋರ್ಗೆ ಕೇಳೋದೇ ಇಲ್ಲ. ನಂಗೆ ಕೇಳ್ತದೆ. ನಂಗೆ ಬೇಕಾಗಿರೋದು ಅದೊಂದೇ.”