ಗುಳಿಗೆಯ ಸಿಟ್ಟು, ನನ್ನ ಸಿಟ್ಟು

ನಮ್ಮ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ. ಅಣ್ಣನಿಗೆ ಬಂದರೆ ಅಂಗಡಿಯಲ್ಲಿ ಏನೋ ಆಗಿರಬೇಕು ಅನ್ನುತ್ತಾರೆ. ಅವ್ವನಿಗೆ ಬಂದರೆ ಮೊಣಕಾಲು ನೋಯುತ್ತಿರಬೇಕು ಅನ್ನುತ್ತಾರೆ. ನನಗೆ ಬಂದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ ಗುಳಿಗೆ ಬದಲಿಸಬೇಕು ಅನ್ನುತ್ತಾರೆ. ಮೂರ್ಛೆರೋಗ ಇದ್ದವಳ ಸಿಟ್ಟಿಗೆ ಕಾರಣ ಅಂತ ಒಂದು ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಫಿಟ್ಸ್ ನನಗೆ ಕಾಲೇಜಿನಲ್ಲಿದ್ದಾಗ ಶುರುವಾದವು. ಮೊದಲು ಕೊಟ್ಟ ಗುಳಿಗೆ ಅವನ್ನು ಕಡಿಮೆ ಮಾಡಿತು, ಸುಳ್ಳು ಹೇಳಬಾರದು. ಅದರ ಜೊತೆಗೆ ಮೈ ಊದಿಸಿತು, ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು ಬಂತು, ಹಗಲಿಡೀ ಕಣ್ಣೆಳೆಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕೈ ನಡುಗಿಸಿತು. ನಾನು ಚಹಾ ಕುಡಿಯುವಾಗ ಕಪ್ಪು ಬಸಿಗೆ ತಾಗಿ ಕಟಕಟ ಅನ್ನುವುದು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಪುಣೆಯ ಧನಕವಡಿಯಲ್ಲಿರುವ ನಮ್ಮ ಮನೆಗೆ ನಮ್ಮೂರ ಕಡೆಯ ಹೆಂಗಸರು ಬಂದು ಕೂತಾಗ, "ಎಷ್ಟ ಶಾಂತ ಆಗ್ಯಾಳ ನೋಡ್ರಿ ಹುಡುಗಿ, ಮೈಕೈ ತುಂಬಿಕೊಂಡು ಲಕ್ಷಣ ಆಗ್ಯಾಳ" ಎಂದು ಅವ್ವನ ಮುಂದೆ ಹೊಗಳುತ್ತಿದ್ದರು. ಅವ್ವನಿಗೆ ಖುಷಿಯೋ ಖುಷಿ. ನಾನು ಶಾಂತಳಾಗಿರಲಿಲ್ಲ, ಅರೆನಿದ್ದೆಯಲ್ಲಿದ್ದೆ. ಸಿಟ್ಟು ಮಾಡಬೇಕಾದರೂ ಮನುಷ್ಯನಿಗೆ ಎಚ್ಚರ ಇರಬೇಕಲ್ಲ.

ಆ ಗುಳಿಗೆಯ ಹೆಸರು ಬರೆಯುವುದಿಲ್ಲ, ಆಮೇಲೆ ಬಂದದ್ದರ ಹೆಸರನ್ನೂ ಬರೆಯುವುದಿಲ್ಲ. ನನ್ನ ಮೈಗೆ ಒಗ್ಗದ್ದು ಇನ್ನೊಬ್ಬರ ಜೀವ ಉಳಿಸುತ್ತಿರಬಹುದು. ಇದನ್ನು ಓದಿ ಯಾರೋ ತಮ್ಮ ಗುಳಿಗೆ ಬಿಟ್ಟರೆ ಅದರ ಪಾಪ ನನಗೆ ಬೇಡ.

ನನ್ನ ಹೊಟ್ಟೆಪಾಡು ಕೈಯಿಂದ ನಡೆಯುವಂಥದ್ದು. ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಡಿಪ್ಲೊಮಾ ಹುಡುಗರಿಗೆ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತೇನೆ. ಹಳೆಯ ವಾಡೆಯ ಮಹಡಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದ ಮರದ ಮೆಟ್ಟಿಲು, ಮೇಲೆ ಗೋಡೆಯಗಲದ ಕರಿಹಲಗೆ. ಬೇರೆ ಕ್ಲಾಸುಗಳಲ್ಲಿ ಈಗ ಎಲ್ಲವನ್ನೂ ಪರದೆಯ ಮೇಲೆ ತೋರಿಸುತ್ತಾರೆ. ಕ್ಲಾಸು ನಡೆಸುವ ನಮ್ಮ ಸರ್ ಮಾತ್ರ, ರೇಖೆ ಹೇಗೆ ಹುಟ್ಟುತ್ತದೆ ಎಂದು ಹುಡುಗರು ಕಣ್ಣಾರೆ ನೋಡಬೇಕು ಅನ್ನುವವರು. ಆ ಒಂದು ಮಾತಿಗೇ ನಾನು ಅವರ ಬಳಿ ಕೆಲಸಕ್ಕೆ ಸೇರಿದ್ದು. ಆದರೆ ಹಳೆಯ ಗುಳಿಗೆಯ ಕಾಲದಲ್ಲಿ ನನ್ನ ರೇಖೆ ಗರಗಸದ ಹಲ್ಲಿನಂತೆ ಹುಟ್ಟುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ನಾನು ಬೆನ್ನು ತಿರುಗಿಸದೆ ಅಳಿಸಿ ಮತ್ತೆ ಎಳೆದೆ, ಮತ್ತೆ ಹಾಗೇ ಬಂತು. ಸರ್ ನನ್ನನ್ನು ಹಲಗೆಯಿಂದ ಇಳಿಸಿ, ಹುಡುಗರ ಡ್ರಾಯಿಂಗ್ ಶೀಟು ತಿದ್ದಲು ಮೂಲೆಯ ಮೇಜಿಗೆ ಕೂರಿಸಿದರು. ಹುಡುಗರ ಮುಂದೆ ನಿಲ್ಲಲು ಹೆದರುತ್ತಾಳೆ, ಅದಕ್ಕೇ ಕೈ ನಡುಗುತ್ತದೆ ಎಂದು ಅವರು ತಿಳಿದಿದ್ದರು. ಅವರ ಆ ತಿಳಿವಳಿಕೆಯನ್ನು ನಾನು ತಿದ್ದಲು ಹೋಗಲಿಲ್ಲ.

ಆಮೇಲೆ ಡಾಕ್ಟರು ಹಳೆಯ ಗುಳಿಗೆಯನ್ನು ಮೆಲ್ಲಗೆ ಇಳಿಸುತ್ತ ಹೊಸದನ್ನು ಏರಿಸಿದರು. ಫಿಟ್ಸ್ ಪೂರ್ತಿ ನಿಂತವು. ಒಂದು ಬೆಳಿಗ್ಗೆ ಚಹಾ ಕುಡಿದು ಮುಗಿಸಿದ ಮೇಲೆ, ಕಪ್ಪು ಸದ್ದೇ ಮಾಡಲಿಲ್ಲವಲ್ಲ ಎಂದು ಗೊತ್ತಾಯಿತು. ಅಂದು ಎಲ್ಲರಿಗಿಂತ ಮುಂಚೆ ಕ್ಲಾಸಿಗೆ ಹೋಗಿ ಖಾಲಿ ಹಲಗೆಯ ಮೇಲೆ ಬರಿಗೈಯಲ್ಲಿ ಒಂದು ವೃತ್ತ ಬರೆದೆ. ಅದರ ತುದಿಗಳು ಕೂಡಿಕೊಂಡವು. ಇನ್ನೊಂದು ಬರೆದೆ. ಸರ್ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ, ಏನೂ ಕೇಳದೆ ಮೊಳೆಗೆ ತೂಗುಹಾಕಿದ್ದ ದೊಡ್ಡ ಕಟ್ಟಿಗೆಯ ಕಂಪಾಸು ತೆಗೆದು ನನ್ನ ಕೈಗೆ ಕೊಟ್ಟರು. ಮತ್ತೆ ಹಲಗೆ ನನ್ನದಾಯಿತು.

ಹೊಸ ಗುಳಿಗೆಗೂ ಒಂದು ಬಾಲ ಇತ್ತು, ಅದು ಸಿಟ್ಟು. ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಆದದ್ದೂ ನಿಜ. ಉಪ್ಪಿನಕಾಯಿ ಭರಣಿಯ ಮುಚ್ಚಳ ಸಿಗಲಿಲ್ಲವೆಂದು ಸ್ಟೀಲಿನ ಲೋಟ ಗೋಡೆಗೆ ಎಸೆದಿದ್ದೇನೆ. ರಿಕ್ಷಾದವನು ಬೇರೆ ಓಣಿಯಿಂದ ಬಂದನೆಂದು ಗಂಟಲು ಕಿತ್ತುಹೋಗುವಂತೆ ಕೂಗಿದ್ದೇನೆ. ಆ ಸಿಟ್ಟಿನ ಗುರುತು ನನಗೆ ಚೆನ್ನಾಗಿ ಗೊತ್ತು. ಕುತ್ತಿಗೆಯ ಹಿಂದಿನಿಂದ ಬಿಸಿಯಾಗಿ ಏರುತ್ತದೆ, ಏರಿದ ಮೇಲೆ ಕಾರಣ ಹುಡುಕಿಕೊಳ್ಳುತ್ತದೆ, ಹಾಲು ಉಕ್ಕಿದ ಹಾಗೆ ಉಕ್ಕಿ ಇಳಿದುಹೋಗುತ್ತದೆ. ಇಳಿದ ಮೇಲೆ ನಾಚಿಕೆಯಾಗುತ್ತದೆ. ನನ್ನ ಸ್ವಂತ ಸಿಟ್ಟಿನ ನಡೆ ಬೇರೆ. ಅದರಲ್ಲಿ ಕಾರಣ ಮೊದಲು ಬರುತ್ತದೆ, ಮರುದಿನ ಹಾಸಿಗೆಯಿಂದ ಎದ್ದಾಗಲೂ ಅದು ಅಲ್ಲೇ ಇರುತ್ತದೆ, ಅದಕ್ಕಾಗಿ ನಾಚಿಕೆ ಆಗುವುದಿಲ್ಲ. ಎರಡನ್ನೂ ಒಳಗಿನಿಂದ ಕಂಡವಳು ನಾನೊಬ್ಬಳೇ.

ಮನೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು: ಗುಳಿಗಿ ಸಿಟ್ಟು. ನನ್ನ ದನಿ ಸ್ವಲ್ಪ ಏರಿದರೆ ಸಾಕು, ಅವ್ವ ಉಪ್ಪು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದು ನನ್ನ ಸುತ್ತ ದೃಷ್ಟಿ ತೆಗೆದು ಕಾದ ಹಂಚಿನ ಮೇಲೆ ಹಾಕುತ್ತಿದ್ದಳು. "ಅಕಿ ಅಲ್ಲ ಬಿಡಪಾ, ಗುಳಿಗಿ ಮಾತಾಡಾಕತ್ತದ" ಎಂದು ಅಣ್ಣನಿಗೆ ಹೇಳುತ್ತಿದ್ದಳು, ನಾನು ಅಲ್ಲೇ ಎದುರಿಗೆ ನಿಂತಿರುವಾಗ. ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮುತ್ತ ಹೊರಗೆ ಹೋಗುತ್ತಿದ್ದರು, ನಾನು ಎತ್ತಿದ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪಾಪ ಅನ್ನುವವರಿಗೆ ಏನು ಅನ್ನುವುದು?

ಇನ್ನು ಅಣ್ಣ. ಅವನು ಕೆಟ್ಟವನಲ್ಲ, ಇರುವ ತಾಪತ್ರಯವೇ ಅದು. ಅಪ್ಪ ವಿಜಯಪುರದ ಕಡೆಯಿಂದ ಬಂದು ಧನಕವಡಿಯಲ್ಲಿ ಹಾಕಿದ ಪಾತ್ರೆ ಅಂಗಡಿಯನ್ನು, ಅಪ್ಪ ಹೋದ ಮೇಲೆ ಅವನೇ ನಡೆಸುತ್ತಾನೆ. ಅಪ್ಪ ಕಲಿಸಿದ ಒಂದು ಪದ್ಧತಿಯನ್ನು ಅವನು ಎಂದೂ ಬಿಟ್ಟವನಲ್ಲ. ಗಿರಾಕಿಯ ಕೈಗೆ ಪಾತ್ರೆ ಕೊಡುವ ಮೊದಲು, ಅದರಲ್ಲಿ ಎಲ್ಲಿ ನೆಗ್ಗಿದೆ, ಎಲ್ಲಿ ಗೀರು ಬಿದ್ದಿದೆ ಎಂದು ತಾನೇ ತಿರುಗಿಸಿ ಬೆಳಕಿಗೆ ಹಿಡಿದು ತೋರಿಸುತ್ತಾನೆ. "ಮೊದಲ ಹೇಳಿಬಿಟ್ರ ಮಾಲು ಹೊಳ್ಳಿ ಬರೂದಿಲ್ಲ" ಅನ್ನುತ್ತಾನೆ. ನಮ್ಮ ಅಂಗಡಿಗೆ ಆ ಭಾಗದಲ್ಲಿ ಒಳ್ಳೆಯ ಹೆಸರಿರುವುದು ಇದರಿಂದಲೇ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮಾಲು ತರಲು ಪೇಠೆಯ ಕಡೆ ಹೋಗಿದ್ದ ಅವನು ನಮ್ಮ ಕ್ಲಾಸಿನ ಮೆಟ್ಟಿಲು ಹತ್ತಿ ಸರ್ ಮುಂದೆ ಕೂತು, ತಂಗಿಗೆ ಫಿಟ್ಸ್ ಇವೆ ಎಂದು ಹೇಳಿ ಬಂದ. ನನ್ನನ್ನು ಕೇಳಲಿಲ್ಲ. ಬಂದ ಮೇಲೆ ನನಗೆ ಹೇಳಲೂ ಇಲ್ಲ. ಮರುದಿನ ನಾನು ಕಂಪಾಸಿಗೆ ಕೈ ಹಾಕಿದಾಗ ಸರ್ ಅದನ್ನು ನನ್ನಿಂದ ಮೆಲ್ಲಗೆ ತೆಗೆದುಕೊಂಡು ಮೊಳೆಗೆ ಹಾಕಿದರು. "ನಿನ್ನ ಅಣ್ಣ ಎಷ್ಟು ಸಜ್ಜನ ಮನುಷ್ಯನಮ್ಮ" ಎಂದರು ಮರಾಠಿಯಲ್ಲಿ. "ನೀನೇ ಮೊದಲು ಹೇಳಬಾರದಿತ್ತೇ? ಹಲಗೆಯ ಮುಂದೆ ನಿಂತಾಗ ಏನಾದರೂ ಆದರೆ ಹುಡುಗರು ಹೆದರುತ್ತಾರೆ. ಕೂತು ಶೀಟು ತಿದ್ದು. ಆರಾಮಾಗಿರು."

ಮನೆಗೆ ಬಂದವಳೇ ಅಣ್ಣನನ್ನು ಕೇಳಿದೆ. ಅವನಿಗೆ ನಿಜವಾಗಿ ಆಶ್ಚರ್ಯವಾಯಿತು.

"ನಿನ್ನ ಒಳ್ಳೇದಕ್ಕ ಹೇಳೀನಿ. ನಾಳೆ ಅವರಿಗೆ ತಾವಾಗೇ ಗೊತ್ತಾಗಿ ತಗದ ಹಾಕಿದ್ರ ಏನ್ ಮಾಡ್ತಿದ್ದಿ?"

"ನಾ ಏನು ನಿನ್ನ ಅಂಗಡಿ ಬೋಗಾಣಿ ಏನು? ಎಲ್ಲಿ ನೆಗ್ಗ್ಯದ ಅಂತ ಎತ್ತಿ ತೋರಿಸಿ ಬರ್ಲಿಕ್ಕೆ?"

ಆಮೇಲೆ ಕೂಗಿದೆ, ಹೌದು. ಎದುರು ಮನೆಯ ಕಿಟಕಿ ತೆರೆಯುವಷ್ಟು ಜೋರಾಗಿ ಕೂಗಿದೆ. ಏನನ್ನೂ ಎಸೆಯಲಿಲ್ಲ, ಇದನ್ನು ಯಾರಾದರೂ ಗಮನಿಸಿದ್ದರೆ ಚೆನ್ನಾಗಿತ್ತು. ಅವ್ವ ಆಗಲೇ ಉಪ್ಪು ಹಿಡಿದು ಬಂದಿದ್ದಳು. "ಅದನ್ನ ಡಬ್ಬ್ಯಾಗ ಹಾಕವ್ವ, ಈ ಸಿಟ್ಟು ನಂದು" ಎಂದೆ. ಅವಳು ಕೇಳಿಸಿಕೊಳ್ಳದವಳಂತೆ ನನ್ನ ಸುತ್ತ ಮುಷ್ಟಿ ತಿರುಗಿಸಿ ಒಳಗೆ ಹೋದಳು.

ಮರುದಿನವೂ ಸಿಟ್ಟು ಹಾಗೇ ಇತ್ತು, ಅದರ ಮರುದಿನವೂ ಇತ್ತು. ನಾನು ಅಣ್ಣನ ಜೊತೆ ಊಟಕ್ಕೆ ಕೂರಲಿಲ್ಲ. ಇದು ಇಳಿಯುತ್ತಿಲ್ಲ ಅಂದರೆ ಗುಳಿಗೆ ತಲೆಗೇರಿದೆ ಎಂದು ಅವ್ವ ಅಣ್ಣ ಇಬ್ಬರೂ ಕೂಡಿ ತೀರ್ಮಾನ ಮಾಡಿದರು. "ಹಳೇ ಗುಳಿಗಿನ ಛಲೋ ಇತ್ತು, ಆವಾಗ ಭಾಳ ಆರಾಮ ಇದ್ದಿ" ಎಂದು ಅಣ್ಣ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡ. ಸರ್ ಮನಸ್ಸು ಇಂದಲ್ಲ ನಾಳೆ ತಿರುಗೀತು. ಆದರೆ ಕೈ ಮತ್ತೆ ನಡುಗಲು ಶುರುವಾದರೆ ಹಲಗೆಯ ಮುಂದೆ ನನ್ನನ್ನು ಯಾರು ನಿಲ್ಲಿಸಿದರೂ ನಾನು ನಿಲ್ಲಲಾರೆ. ಅಣ್ಣ ಅರ್ಧ ಕಿತ್ತುಕೊಂಡದ್ದನ್ನು ಆ ಹಳೆಯ ಗುಳಿಗೆ ಪೂರ್ತಿ ಕಿತ್ತುಕೊಳ್ಳುತ್ತಿತ್ತು.

ನಮ್ಮ ರೋಗದಲ್ಲಿ ಒಂದು ರೂಢಿ ಇದೆ. ಡಾಕ್ಟರು ರೋಗಿಯನ್ನು ಕೇಳುವುದಿಲ್ಲ, ಜೊತೆಗೆ ಬಂದವರನ್ನು ಕೇಳುತ್ತಾರೆ. ಇದಕ್ಕೆ ಸರಿಯಾದ ಕಾರಣವೂ ಇದೆ. ಫಿಟ್ಸ್ ಬಂದಾಗ ನನಗೆ ಪ್ರಜ್ಞೆ ಇರುವುದಿಲ್ಲ. ಕೈಕಾಲು ಹೇಗೆ ಸೆಟೆದವು, ಕಣ್ಣು ಎತ್ತ ತಿರುಗಿತು ಎನ್ನುವುದನ್ನು ಕಂಡವರೇ ಹೇಳಬೇಕು. ಆದರೆ ಆ ರೂಢಿ ಅಷ್ಟಕ್ಕೇ ನಿಲ್ಲಲಿಲ್ಲ. ನಿದ್ದೆ ಹೇಗೆ, ಹಸಿವೆ ಹೇಗೆ, ಮನಸ್ಸು ಹೇಗೆ, ಎಲ್ಲಕ್ಕೂ ಅಣ್ಣನೇ ಉತ್ತರ ಕೊಡುವಂತಾಯಿತು. ವರ್ಷಗಟ್ಟಲೆ ನಾನು ಆ ಕುರ್ಚಿಯಲ್ಲಿ ಕೂತು ನನ್ನ ಸಮಾಚಾರವನ್ನು ಬೇರೆಯವರ ಬಾಯಿಂದ ಕೇಳಿದ್ದೇನೆ.

ಅಂದೂ ಡಾಕ್ಟರು ಅಣ್ಣನ ಕಡೆ ತಿರುಗಿ, "ಕಶೀ ಆಹೆ ಹೀ?" ಎಂದರು. ಹೇಗಿದ್ದಾಳೆ ಇವಳು ಎಂದು. ಅಣ್ಣ ಕುರ್ಚಿ ಮುಂದೆಳೆದುಕೊಂಡ. ಕೂಗುತ್ತಾಳೆ, ಜೊತೆಗೆ ಉಣ್ಣುವುದಿಲ್ಲ, ಮುಖ ಬಿಗಿದುಕೊಂಡೇ ಇರುತ್ತಾಳೆ ಎಂದು ಅಂಗಡಿಯಲ್ಲಿ ಪಾತ್ರೆ ತಿರುಗಿಸಿದಷ್ಟೇ ಪ್ರಾಮಾಣಿಕವಾಗಿ ನನ್ನನ್ನು ತಿರುಗಿಸಿ ತೋರಿಸಿದ. ಫಿಟ್ಸ್ ಬಂದಿವೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದ. ಅವ್ವ ಪಕ್ಕದಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸಿದಳು. ಹಾಗಿದ್ದರೆ ಸಾವಕಾಶ ಹಳೆಯದಕ್ಕೇ ಹೋಗೋಣ ಎಂದು ಡಾಕ್ಟರು ಪೆನ್ನು ತೆಗೆದರು.

ನಾನು ದನಿ ಏರಿಸಿದ್ದರೆ ಅಲ್ಲಿಗೆ ಮುಗಿಯಿತು, ಅಣ್ಣ ಹೇಳಿದ್ದಕ್ಕೆ ಸಾಕ್ಷಿ ನಾನೇ ಆಗುತ್ತಿದ್ದೆ. ಹಾಗಾಗಿ ಒರಟು ಮಾತಿಗೆ ಹೆಸರಾದ ಪುಣೆಯಲ್ಲಿ ಯಾವ ಅಂಗಡಿಯವನೂ ಆಡದಷ್ಟು ಸಿಹಿಯಾದ ಮರಾಠಿಯಲ್ಲಿ ಮಾತಾಡಿದೆ. "ಡಾಕ್ಟರ್, ನನ್ನ ಫಿಟ್ಸನ್ನು ಇವನು ನೋಡಿದ್ದಾನೆ. ಸಿಟ್ಟನ್ನು ನೋಡಿದವಳು ನಾನು. ಅದನ್ನು ನಾನು ಹೇಳಲೇ?" ಎಂದೆ. ಅವರು ಪೆನ್ನು ಕೆಳಗಿಟ್ಟರು. ಗುಳಿಗೆಯ ಸಿಟ್ಟು ಎಂಥದು, ಲೋಟ ಹೇಗೆ ಗೋಡೆಗೆ ಹೋಯಿತು ಎಂದು ಮುಚ್ಚಿಡದೆ ಹೇಳಿದೆ. ಆಮೇಲೆ ಕ್ಲಾಸಿನ ಸಂಗತಿ ಹೇಳಿದೆ. "ನಿಮ್ಮನ್ನು ಕೇಳದೆ ನಿಮ್ಮ ಮನೆಯವರು ಹೋಗಿ ಹೀಗೆ ಹೇಳಿ ಬಂದು, ನಿಮ್ಮ ಕೆಲಸ ಹೋದರೆ ನಿಮಗೆ ಸಿಟ್ಟು ಬರುವುದಿಲ್ಲವೇ? ಬಂದರೆ ಅದಕ್ಕೆ ಯಾವ ಗುಳಿಗೆ ಬರೆದುಕೊಳ್ಳುತ್ತೀರಿ?" ಎಂದೆ. ಮುಖದ ಮೇಲೆ ನಗೆ ಇತ್ತು. ಓಢಣಿಯ ಕೆಳಗೆ ಉಗುರು ಅಂಗೈಗೆ ನಾಟಿದ್ದವು.

ಡಾಕ್ಟರು ಅಣ್ಣನನ್ನು ನೋಡಿದರು. ಅಣ್ಣ ಮೇಜನ್ನು ನೋಡಿದ. ಕೈ ಮುಂದೆ ಚಾಚು ಎಂದರು. ಚಾಚಿದೆ. ಎರಡೂ ಕೈ ಹಲಗೆಯಷ್ಟು ನೆಟ್ಟಗೆ ನಿಂತವು. "ಇದೇ ಗುಳಿಗೆ ಮುಂದುವರಿಸು. ಜೊತೆಗೆ ಒಂದು ವಿಟಮಿನ್ ಬರೆಯುತ್ತೇನೆ, ಕೆಲವರಿಗೆ ಸಿಡುಕು ಕಡಿಮೆಯಾಗುತ್ತದೆ. ಬೇಜಾರು ಹೆಚ್ಚಾದರೆ ತಡಮಾಡದೆ ಬಾ. ಮುಂದಿನ ಸಲ ಮೊದಲು ನೀನೊಬ್ಬಳೇ ಒಳಗೆ ಬಾ" ಎಂದರು. ಗೆದ್ದೆ ಎಂದು ಖುಷಿಪಡಬೇಕಿತ್ತು. ನನಗೆ ಇನ್ನೂ ಸಿಟ್ಟೇ ಬಂತು. ನನಗೆ ಸಿಟ್ಟು ಬಂದಿದೆ ಎಂದು ಒಪ್ಪಿಸುವುದಕ್ಕೆ ಬೆಣ್ಣೆಯಂತೆ ಮಾತಾಡಬೇಕಾಯಿತಲ್ಲ.

ಕೆಳಗಿನ ಔಷಧಿ ಅಂಗಡಿಯಲ್ಲಿ ವಿಟಮಿನ್ ತೆಗೆದುಕೊಂಡು ಪರ್ಸಿಗೆ ಹಾಕಿಕೊಂಡೆ. ರಿಕ್ಷಾದಲ್ಲಿ ಮಾತಾಡಲಿಲ್ಲ, ಮನೆಗೆ ಬಂದು ಚಹಾ ಮಾಡಿ ಮೂವರಿಗೂ ಕೊಟ್ಟೆ, ಸಂಜೆಯವರೆಗೆ ಸುಮ್ಮನೆ ಕೂತಿದ್ದೆ. ಸಾಕಾಗಿತ್ತು. ಅಡುಗೆಮನೆಯಲ್ಲಿ ಅವ್ವ ಸಾರಿಗೆ ಇಟ್ಟಿದ್ದಳು. ಅಣ್ಣ ಬಾಗಿಲಿಗೆ ಒರಗಿ ನಿಂತು ಅವಳಿಗೆ ಹೇಳಿದ, "ನೋಡಿದಿ? ವಿಟಮಿನ್ ಎಷ್ಟ ಲಗೂ ಹಿಡೀತು. ಬಂದಾಗಿಂದ ಒಂದ ಮಾತು ಜೋರ ಆಡಿಲ್ಲ."

ನಾನು ಪರ್ಸಿನಿಂದ ಆ ವಿಟಮಿನ್ ಗುಳಿಗೆಯ ಪಟ್ಟಿ ತೆಗೆದು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. "ಇನ್ನೂ ಒಂದೂ ತಗೊಂಡಿಲ್ಲ" ಎಂದೆ.

ಅವ್ವ ಪಟ್ಟಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಂದೂ ಒಡೆದಿರಲಿಲ್ಲ.

"ಹಂಗಾದ್ರ ಇಷ್ಟೊತ್ತು ಸುಮ್ಮ ಕೂತಿದ್ದಾಕಿ?" ಎಂದಳು.

"ನಾನ."

"ಅವತ್ತ ಒದರಿದಾಕಿ?"

"ಅಕಿನೂ ನಾನ, ಅವ್ವ."

ಆಮೇಲೆ ಅಣ್ಣನಿಗೆ ಹೇಳಿದೆ, "ನಾಳೆ ನನ್ನ ಜೋಡಿ ಕ್ಲಾಸಿಗೆ ಬಾ. ನೆಗ್ಗಿದ್ದು ತೋರಿಸಿ ಬಂದಿಯಲ್ಲ, ಸೋರೂದಿಲ್ಲ ಅಂತನೂ ಹೇಳಿ ಬಾ." ಅವನು ಮರುದಿನ ಬಂದು ಹೇಳಿದ ಕೂಡ. ಸರ್ ಕಂಪಾಸನ್ನು ಮತ್ತೆ ನನ್ನ ಕೈಗೆ ಕೊಡಲು ದೀಪಾವಳಿ ದಾಟಿಸಿದರು, ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇದೆ.

ಆ ಸಂಜೆ ಮಾತ್ರ ಅಣ್ಣ ಬಾಗಿಲಲ್ಲೇ ನಿಂತು, "ಮತ್ತ ಸಿಟ್ಟಿಗೇಳಬ್ಯಾಡ" ಎಂದ. "ಎದ್ದೀನಿ. ಎದ್ದಾಕಿನ ಮಾತಾಡಾಕತ್ತೀನಿ" ಎಂದೆ. ನನ್ನ ದನಿ ಏರಿತ್ತು. ಅವ್ವನ ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಯಿತು. ಒಂದು ಮುಷ್ಟಿ ತೆಗೆದಳು, ನನ್ನ ಮುಖ ನೋಡಿದಳು, ಹೆಚ್ಚಿನದನ್ನು ಡಬ್ಬಿಗೇ ಉದುರಿಸಿ ಉಳಿದ ಚಿಟಿಕೆ ಉಪ್ಪನ್ನು ಸಾರಿಗೆ ಹಾಕಿದಳು.