ಬೊಂಬೆ ಪೆಟ್ಟಿಗೆಯಲ್ಲಿದ್ದ ಹೂದಾನಿ

ವನಜಾ, ಆ ಹೂದಾನಿಯನ್ನು ನೀವು ಕದ್ದಿರಲಿಲ್ಲ. ಅದು ನನಗೆ ಮರುವರ್ಷವೇ ಗೊತ್ತಾಯಿತು — ಗೊತ್ತಾಗಿಯೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಎಂಬತ್ತಾರರ ನವರಾತ್ರಿ, ಅಮೆರಿಕದಲ್ಲಿ ನಮ್ಮ ಸರಟೋಗಾದ ಮನೆ. ಪಕ್ಕದ ಮನೆಯ ಮುದುಕಿ ಊರು ಬಿಡುವಾಗ ನನಗೆ ಕೊಟ್ಟುಹೋದ ಹೂದಾನಿ ಅದು. ನೂರು ವರ್ಷದ ಹಿಂದೆ ಒಹಾಯೊದ ಕಾರ್ಖಾನೆಯೊಂದರಲ್ಲಿ ಅವಳ ಅಜ್ಜಿ ಹಸಿ ಮಣ್ಣಿನ ಮೇಲೆ ಕೈಯಾರೆ ಹೂ ಬರೆದದ್ದಂತೆ. ಜಂಬದಿಂದ ಅದನ್ನು ಪಟ್ಟದ ಬೊಂಬೆಗಳ ಪಕ್ಕದಲ್ಲೇ ಕೂರಿಸಿದ್ದೆ. ಬಂದವರೆಲ್ಲ ಚೆನ್ನಾಗಿದೆ ಎಂದು ಹೇಳಿ ಉಸಲಿ ತಿಂದು ಹೋದರು. ನೀವೊಬ್ಬರೇ — ಧಾರವಾಡದಲ್ಲಿ ಚಿತ್ರಕಲೆ ಕಲಿತವರು — ಅದನ್ನು ಎತ್ತಿ, ತಿರುಗಿಸಿ, ತಳ ನೋಡಿದಿರಿ.

"ಬರದಾಕಿ ತನ್ನ ಹೆಸರಿನ ಅಕ್ಷರಾ ಇಲ್ಲೆ ಕೆತ್ತ್ಯಾಳ ನೋಡ್ರಿ. ಇಂಥಾವ ಮ್ಯೂಸಿಯಂದಾಗ ಇಟ್ಟಿರ್ತಾರ."

ಮ್ಯೂಸಿಯಮ್ಮು! ಅಲ್ಲಿಂದಾಚೆ ನನ್ನ ಕಣ್ಣು ನಿಮ್ಮ ಕೈಯನ್ನು ಬಿಟ್ಟು ಕದಲಲಿಲ್ಲ. ಇವರೇಕೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ? ಅದನ್ನೇ ಏಕೆ ಸವರುತ್ತಾರೆ?

ಹಬ್ಬ ಮುಗಿದ ಮೇಲೆ ನೀವು, ನಮ್ಮ ಗೆಳತಿಯರು ಶೀಲಾ, ಗಿರಿಜಾ ಬೊಂಬೆ ಕಟ್ಟಿಡಲು ನೆರವಿಗೆ ಬಂದಿರಿ. ಪೆಟ್ಟಿಗೆಗಳೆಲ್ಲ ಗ್ಯಾರೇಜಿನ ಅಟ್ಟ ಸೇರಿದ ಮೇಲೆ ನೋಡುತ್ತೇನೆ — ಹೂದಾನಿ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರೇನೋ ಎಂದು ನಿಮ್ಮನ್ನೇ ದಿಟ್ಟಿಸಿದೆ. ನೀವು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಿರಿ. ಅಷ್ಟು ಅವಸರವೇಕೆ?

"ವನಜಾ, ನಿಮ್ಮ ಬ್ಯಾಗು ಸ್ವಲ್ಪ ತೋರಿಸ್ತೀರಾ?"

ಎಲ್ಲರೆದುರೇ ಕೇಳಿದೆ. ನೀವು ಬ್ಯಾಗನ್ನು ಕಾರ್ಪೆಟ್ಟಿನ ಮೇಲೆ ಬೋರಲು ಹಾಕಿದಿರಿ. ಬಾಚಣಿಗೆ, ಮಗಳ ಸಾಕ್ಸು, ಆಗಷ್ಟೇ ನಾನೇ ಕೊಟ್ಟ ಅರಿಸಿನ ಕುಂಕುಮ, ತೆಂಗಿನಕಾಯಿ.

"ಛಲೋತ್ನಾಗ ನೋಡ್ರಿ," ಎಂದಿರಿ. ಕಾಯನ್ನು ಅಲ್ಲೇ ಬಿಟ್ಟು ಹೊರಟುಹೋದಿರಿ. ಆಗಲೂ ನಾನು — ಮೊದಲೇ ಕಾರಿನಲ್ಲಿ ಇಟ್ಟು ಬಂದಿರಬೇಕು ಎಂದುಕೊಂಡೆ.

ಮರುವರ್ಷ ಪೆಟ್ಟಿಗೆ ಬಿಚ್ಚಿದರೆ, ನನ್ನದೇ ಹಳೆಯ ಸೀರೆಯ ತುಂಡಿನಲ್ಲಿ, ನಾನೇ ಹಾಕುವ ಎರಡೆರಡು ಗಂಟಿನೊಳಗೆ ಹೂದಾನಿ ಇತ್ತು. ಬೊಂಬೆಗಳ ಜೊತೆ ನಾನೇ ಸುತ್ತಿಟ್ಟು ಮರೆತಿದ್ದೆ. ಅವತ್ತೇ ಸಂಜೆ ಶೀಲಾ ಕೇಳಿದಳು, "ಆ ಹೂದಾನಿ ಆಮೇಲೆ ಸಿಗ್ತಾ?"

"ಇಲ್ಲ," ಎಂದೆ.

ಮರೆತದ್ದು ತಪ್ಪಿರಬಹುದು. ಈ "ಇಲ್ಲ" ತಪ್ಪಲ್ಲ, ಪಾಪ. ಅಷ್ಟರಲ್ಲಿ ನೀವು ಓಕ್‌ಲ್ಯಾಂಡಿಗೆ ಮನೆ ಬದಲಿಸಿದ್ದಿರಿ. ಹಬ್ಬಗಳಿಗೆ ನಿಮ್ಮನ್ನು ಯಾರೂ ಕರೆಯಲಿಲ್ಲ. ಕಳ್ಳಿ ಎಂದು ಯಾರಾದರೂ ಬಾಯಿಬಿಟ್ಟು ಅಂದಿದ್ದರೆ ತಡೆಯುತ್ತಿದ್ದೆನೇನೋ — ಇಲ್ಲ, ಅದೂ ಸುಳ್ಳು.

ಕಳೆದ ವಾರ ಶೀಲಾ, ಗಿರಿಜಾ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಅದನ್ನು ಕೇಳಿ ಗಿರಿಜಾ, "ಅವರ ಮಗಳ ಮದುವೆ ಕಾರ್ಡು ಬಂದಿತ್ತು ಕಣ್ರೀ. ನಾವ್ಯಾರೂ ಹೋಗ್ಲೇ ಇಲ್ಲ," ಎಂದಳು.

ನನಗೂ ಕಳಿಸಿದ್ದಿರಿ, ವನಜಾ.