ಬೀದಿಗೆ ಬೆನ್ನು ಹಾಕಿ ಕೂತವಳು
ಆ ಕಾಲದ ಹಲಸೂರಿನಲ್ಲಿ ಐದು ವರ್ಷದ ಮಗುವನ್ನೂ ಸೊಂಟದಿಂದ ಇಳಿಸದ ತಾಯಂದಿರೇ ಹೆಚ್ಚು. ಆದರೆ ಮಗುವನ್ನು ಒಂಟಿಯಾಗಿ ಅಂಗಡಿಗೆ ಕಳಿಸಿ ಬೀದಿಗೆ ಬೆನ್ನು ಹಾಕಿ ಕೂರುವವಳೂ ಗಲ್ಲಿಗೊಬ್ಬಳು ಇರುತ್ತಿದ್ದಳು, ನಮ್ಮ ಗಲ್ಲಿಗೆ ಅವಳು ನನ್ನಮ್ಮ ಪಿಳ್ಳಮ್ಮ. ಯುದ್ಧದ ವರ್ಷಗಳವು, ಮಿಲಿಟರಿ ಲಾರಿಗಳು ದಾರಿ ತಪ್ಪಿ ನಮ್ಮ ಗಲ್ಲಿಗೂ ನುಗ್ಗುತ್ತಿದ್ದವು. ಅಮ್ಮ ಮಾತ್ರ ನನ್ನ ಕೈಗೆ ಎಣ್ಣೆ ಬಾಟ್ಲಿ ಕೊಟ್ಟು, "ಲತೀಫ್ ಸಾಬರ ಅಂಗಡಿ ಗೊತ್ತಲ್ಲ? ನಿಂಗೂ ಎರಡು ಕಣ್ಣಿದೆ, ನೋಡ್ಕೊಂಡು ಹೋಗು" ಎಂದು ಹೇಳಿ, ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು ಹುಣಸೆಹಣ್ಣಿನಿಂದ ಹಿತ್ತಾಳೆ ತಟ್ಟೆ ತಿಕ್ಕತೊಡಗುವಳು. ಅಷ್ಟು ತಿಕ್ಕಿಸಿಕೊಂಡ ತಟ್ಟೆ ಇಡೀ ದಂಡು ಪ್ರದೇಶದಲ್ಲಿ ಇನ್ನೊಂದಿರಲಿಲ್ಲ. ಅದರಲ್ಲಿ ನಾವು ಒಂದು ದಿನವೂ ಉಂಡವರಲ್ಲ. ಪಕ್ಕದ ಮನೆಯ ಶಮೀಮ್‌ಬಿ, "ಅರೇ, ಒಂದ್ಸಲ ತಿರುಗಿ ನೋಡ್ಬಾರ್ದಾ? ಕಲ್ಲು ಮನಸ್ಸು ನಿಂದು" ಎಂದು ಬೈದರೆ, "ನಾನು ನೋಡ್ತಾ ಕೂತ್ರೆ ಅವಳು ದಾರಿ ನೋಡಲ್ಲಮ್ಮ, ನನ್ನೇ ನೋಡ್ತಾಳೆ" ಎನ್ನುವಳು. ನಾನು ಎಡವಿ ಬಿದ್ದು ಬಂದ ದಿನವೂ ಅವಳು ತಿಕ್ಕುತ್ತಲೇ ಇದ್ದಳು; ಏನಾಯಿತೆಂದು ಕೇಳದೆ, ಲಂಗ ಸರಿಸಿ, ಪೆಟ್ಟಾದ ಮೊಣಕಾಲಿಗೇ ಅರಿಸಿನ ಮೆತ್ತಿದಳು. ತಮ್ಮನ ಸರದಿ ಬಂದ ದಿನ ಅಮ್ಮನಿಗೆ ಜ್ವರ. ಆದರೂ ಅವನನ್ನು ಕಳಿಸಿದಳು. ನನ್ನನ್ನು ಕರೆದು, "ನನ್ ಜಾಗದಲ್ಲಿ ಕೂತು ತಟ್ಟೆ ತಿಕ್ಕು, ಹಿಂದಕ್ಕೆ ಮಾತ್ರ ತಿರುಗ್ಬೇಡ" ಎಂದಳು. ನಾನು ಸಿಟ್ಟಿನಿಂದಲೇ ಕೂತು ತಿಕ್ಕಿದೆ, ತೊಳೆದು ತಟ್ಟೆಯನ್ನು ಗೋಡೆಗೆ ಒರಗಿಸಿದೆ. ಅದರೊಳಗೆ ನಮ್ಮ ಗಲ್ಲಿ ಲತೀಫ್ ಸಾಬರ ಅಂಗಡಿಯವರೆಗೂ ಕಾಣುತ್ತಿತ್ತು. ನಡುವೆ ಬೆರಳುದ್ದದ ನನ್ನ ತಮ್ಮ, ಬಾಟ್ಲಿ ಅಪ್ಪಿಕೊಂಡು ನಡೆಯುತ್ತಿದ್ದ.